ಆಪತ್ತಿನ ಹಣವೂ ನಿತ್ಯದ ಹಣವೂ : ಕನ್ನಡನಾಡಿನ ಜನಾರೋಗ್ಯ ವ್ಯವಸ್ಥೆಯ ಚರಿತ್ರೆಯಲ್ಲಿ ಒಂದು ವಿಚಾರ

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ದೈವವಶದಿಂದ ದೇಶಕ್ಕೆ ಒದಗುವ ಮಹಾಭಯಗಳು ಎಂಟೆಂದು ಎಣಿಸಿದೆ. ಬೆಂಕಿ ನೀರು ಬರಗಳ ಜತೆಗೆ ವ್ಯಾಧಿಯೂ ಅಲ್ಲಿ ಸೇರಿದೆ, ಇಲಿಯೂ ಸೇರಿದೆ. ವ್ಯಾಧಿಯನ್ನೂ ಇಲಿಯನ್ನೂ ಬೇರೆಬೇರೆಯಾಗಿ ಎಣಿಸಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ : ಶಾಸ್ತ್ರಕಾರನ ದೃಷ್ಟಿಗೆ ಇಲಿ ಬೆಳೆಯನ್ನೂ ಕಣಜವನ್ನೂ ಹಾಳುಮಾಡುವ ಪ್ರಾಣಿಯೇ ಹೊರತು ರೋಗವನ್ನು ಹೊತ್ತು ತರುವ ಪ್ರಾಣಿಯಲ್ಲ. ಈ ಗ್ರಂಥದ ತಾಳೆಯೋಲೆಯ ಪ್ರತಿ ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ಬಂದು, ಪಂಡಿತ ಆರ್. ಶಾಮಶಾಸ್ತ್ರಿಗಳವರ ಪರಿಶ್ರಮದಿಂದ ೧೯೦೯ನೆಯ ಇಸವಿಯಲ್ಲಿ ಅಚ್ಚಾಗಿ ಹೊರಬಿದ್ದಿತು. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಜನರು ಅಟ್ಟದಿಂದ ಇಲಿಯೊಂದು ಬಿದ್ದು ಸತ್ತಿತೆಂದರೆ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಎರಡು ಮಹಾಭಯಗಳು ಒಂದೇ ಆಗಿ ಕೂಡಿಕೊಂಡುದನ್ನು ಅವರು ಕಣ್ಣಾರೆ ಕಂಡರು.

ವ್ಯಾಧಿಯನ್ನು ಆಪತ್ತೆಂದು ಭಾವಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಕೇವಲ ಆಪತ್ತೆಂದು ಭಾವಿಸಿದಾಗ ಅದಕ್ಕಾಗಿ ಬೊಕ್ಕಸದಿಂದ ತೆಗೆಯುವ ಹಣವೂ ಆಪದ್ಧನವೇ ಆಗುತ್ತದೆ. ಭಯವಿರುವವರೆಗೆ ಕೈ ಧಾರಾಳವಾಗಿರುತ್ತದೆ. ಭಯ ಕಳೆದ ಬಳಿಕ ಕೈ ಮುಚ್ಚಿಕೊಳ್ಳುತ್ತದೆ. ಕನ್ನಡನಾಡಿನ ಬೇರೆಬೇರೆ ಭಾಗಗಳಲ್ಲಿ ಸರ್ಕಾರಗಳು ಜನಾರೋಗ್ಯಕ್ಕಾಗಿ ಮಾಡಿದ ವೆಚ್ಚದ ಚರಿತ್ರೆಯನ್ನು ನೋಡುವವರಿಗೆ, ಆಪತ್ತಿನ ಹಣ ಯಾವುದು ನಿತ್ಯದ ಹಣ ಯಾವುದು ಎಂಬ ವಿವೇಚನೆಯಿಲ್ಲದೆ ಆ ಚರಿತ್ರೆ ಅರ್ಥವಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಯವರೆಗೆ ಹೋಗುತ್ತಿದ್ದ ಆರೋಗ್ಯದ ನೌಕರನೆಂದರೆ ದಾಕು ಹಾಕುವವನೊಬ್ಬನೇ. ಸಿಡುಬಿಗೆ ಜೆನ್ನರನು ಕಂಡುಹಿಡಿದ ಗೋಮಸೂರಿಯ ಕೀವು ಬಾಗ್ದಾದು ಬಸ್ರಾಗಳ ಮಾರ್ಗವಾಗಿ ಬೊಂಬಾಯಿಗೆ ಬಂದು, ೧೮೦೨ನೆಯ ಇಸವಿ ಜೂನ್ ತಿಂಗಳಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿನ ತೋಳಿನಲ್ಲಿ ಮೊದಲು ಹತ್ತಿತು. ಅಲ್ಲಿಂದ ತೋಳಿನಿಂದ ತೋಳಿಗೆ ದಾಟಿಕೊಂಡು ಅದು ದಕ್ಷಿಣಾಪಥವನ್ನೆಲ್ಲ ಹಬ್ಬಿತು. ಖಾಸಾ ಚಾಮರಾಜ ಒಡೆಯರು ೧೭೯೬ರಲ್ಲಿ ಸಿಡುಬಿನಿಂದಲೇ ತೀರಿಕೊಂಡಿದ್ದರಾದ ಕಾರಣ ಮೈಸೂರಿನ ಅರಮನೆಗೆ ಈ ರೋಗದ ಭಯ ಚೆನ್ನಾಗಿ ತಿಳಿದಿದ್ದಿತು. ಥಾಮಸ್ ಹಿಕ್ಕಿಯೆಂಬ ಚಿತ್ರಕಾರನು ೧೮೦೫ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ಚಿತ್ರವೊಂದುಂಟು. ಅದರಲ್ಲಿರುವವರು ಮೈಸೂರಿನ ರಾಣಿಯರೆಂದೂ, ಒಬ್ಬಾಕೆ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕಿನ ಗುರುತನ್ನು ಪ್ರಜೆಗಳಿಗೆ ತೋರಿಸುವುದಕ್ಕಾಗಿಯೇ ಎಂದೂ ಇತ್ತೀಚಿನ ಸಂಶೋಧಕರು ಊಹಿಸಿದ್ದಾರೆ. ಊಹೆ ಸೊಗಸಾಗಿದೆ, ಚಿತ್ರದೊಳಗೆ ಅದಕ್ಕೆ ಬಾಧಕವಾದುದೇನೂ ಕಾಣುವುದಿಲ್ಲ. ಅದು ಹೇಗೇ ಇರಲಿ, ದಾಕು ಹಾಕುವವನು ವರ್ಷವರ್ಷವೂ ಬರುವವನು, ಸಂಬಳದವನು, ಹುಟ್ಟಿದ ಮಕ್ಕಳನ್ನು ಲೆಕ್ಕಹಿಡಿಯುವವನು. ಆಪತ್ತಿಲ್ಲದ ವರ್ಷದಲ್ಲಿಯೂ ಅವನಿಗೆ ಕೆಲಸವಿದ್ದಿತು. ಮುಂದಿನ ವ್ಯವಸ್ಥೆಯ ಬೀಜ ಇವನಲ್ಲಿದೆ. ಆದರೆ ಬಹುಕಾಲ ಅದು ಬೀಜವಾಗಿಯೇ ಉಳಿಯಿತು.

೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂಬುದು ಖಾನೇಷುಮಾರಿಯ ಎರಡು ಅಂಕಿಗಳಿಂದಲೇ ತಿಳಿಯುತ್ತದೆ. ೧೮೭೧ರಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಸತ್ತವರೆಲ್ಲರೂ ಹಸಿವಿನಿಂದಲೇ ಸತ್ತವರಲ್ಲ ; ಹಸಿವಿನ ಬೆನ್ನಟ್ಟಿ ಬಂದ ಜ್ವರ, ವಾಂತಿಭೇದಿಗಳ ಪಾಲೂ ಅದರಲ್ಲಿ ದೊಡ್ಡದು. ರಾಜ್ಯ ಒಡೆಯರ ಕೈಗೆ ಮರಳಿದುದು ಈ ಸ್ಥಿತಿಯಲ್ಲಿ. ಮರಳಿಸುವಾಗ ಬ್ರಿಟಿಷ್ ಸರ್ಕಾರದವರು ವರ್ಷಾಶನದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳಿಂದ ಮೂವತ್ತೈದು ಲಕ್ಷಕ್ಕೆ ಏರಿಸಿದರು. ಹೆಚ್ಚಿನ ಹಣದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದರಾದರೂ ೧೮೯೬ರಿಂದ ಅದು ಸಲ್ಲತೊಡಗಿತು. ಇದಾದ ಎರಡೇ ವರ್ಷಕ್ಕೆ ಪ್ಲೇಗು ಬಂದಿತು.

ಬೊಂಬಾಯಿಯಲ್ಲಿ ೧೮೯೬ರ ಸೆಪ್ಟೆಂಬರಿನಲ್ಲಿ ಕಾಣಿಸಿಕೊಂಡ ಈ ರೋಗ ರೈಲುಮಾರ್ಗ ಹಿಡಿದು ಹುಬ್ಬಳ್ಳಿಗೆ ಬಂದು, ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿದರು. ರೋಗಿಗಳನ್ನು ಬೇರ್ಪಡಿಸುವುದು, ಮನೆಗಳನ್ನು ತೆರವುಮಾಡಿಸುವುದು, ಗೋಡೆನೆಲಗಳಿಗೆ ಮದ್ದು ಹೊಡೆಯುವುದು, ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದು ಇವೇ ಆಗಿನ ಕ್ರಮಗಳು. ಪುಣೆಯಲ್ಲಿ ಇಂಥ ಕ್ರಮಗಳೇ ಅತಿಕ್ರಮಕ್ಕೆ ತಿರುಗಿ ೧೮೯೭ರ ಜೂನಿನಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೊಲೆಯಲ್ಲಿ ಮುಗಿದಿದ್ದುವು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುವುದೆಂದು ಸೀಮೋನನು ಅದೇ ೧೮೯೮ರಲ್ಲಿ ಪ್ರಕಟಿಸಿದನಾದರೂ ವಿದ್ವಾಂಸರು ಅದನ್ನು ಒಪ್ಪಿಕೊಂಡುದು ಇನ್ನು ಕೆಲವು ವರ್ಷಗಳ ಬಳಿಕ. ಆದುದರಿಂದ ಆಗ ಗೋಡೆಗೆ ಸುರಿದ ಮದ್ದಿನ ಹಣದಲ್ಲಿ ಬಹುಭಾಗ ಚಿಗಟವನ್ನು ಮುಟ್ಟದೆಯೇ ಹೋಯಿತು. ಜನರಿಗೆ ನಿಜವಾಗಿ ಉಪಕಾರವಾದುದು ಊರು ಬಿಡುವುದರಿಂದ ; ಆ ಉಪಾಯವನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ನಡೆದುದು ಸ್ವಲ್ಪ ಬೇರೆ. ಬೊಂಬಾಯಿಯಲ್ಲಿ ಹಾಫ್‌ಕಿನ್ ಎಂಬ ಪಂಡಿತನು ಸಿದ್ಧಪಡಿಸಿ ೧೮೯೭ರ ಜನವರಿಯಲ್ಲಿ ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು, ಲ್ಯೂಮನ್ ಎಂಬ ವೈದ್ಯಾಧಿಕಾರಿಯು ೧೮೯೮ರಲ್ಲಿ ಹುಬ್ಬಳ್ಳಿಯ ಸಹಸ್ರಾರು ಜನಕ್ಕೆ ಹಾಕಿದನು. ಭರತಖಂಡದಲ್ಲಿ ಪ್ಲೇಗಿನ ಲಸಿಕೆ ಅಷ್ಟು ವ್ಯಾಪಕವಾಗಿ ಪರೀಕ್ಷೆಗೆ ಬಂದ ಮೊದಲ ಊರುಗಳಲ್ಲಿ ಅದೊಂದು. ಆದರೆ ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದು ಶೀಸೆಯ ಮದ್ದು ಕೆಟ್ಟು ಹತ್ತೊಂಬತ್ತು ಜನರು ಧನುರ್ವಾಯುವಿನಿಂದ ಸತ್ತಾಗ, ಲಸಿಕೆಯ ಮೇಲಿನ ನಂಬಿಕೆ ದೇಶದಲ್ಲೆಲ್ಲ ಅಲುಗಿತು. ನಂಬಿಕೆಯೂ ಜನಾರೋಗ್ಯದ ಬಂಡವಾಳವೇ. ಅದನ್ನು ಆಪತ್ತಿನ ದಿನ ಪೇಟೆಯಿಂದ ಕೊಂಡುತರುವುದಕ್ಕಾಗುವುದಿಲ್ಲ.

ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆ, ಬಸವನಗುಡಿ ಮಲ್ಲೇಶ್ವರದ ಬಡಾವಣೆಗಳು, ನಲ್ಲಿಯ ನೀರು ಇವೆಲ್ಲ ಪ್ಲೇಗಿನ ಫಲವೆಂದು ಹೇಳುವ ವಾಡಿಕೆಯುಂಟು. ಕಾಲವನ್ನು ಒಪ್ಪವಾಗಿ ಜೋಡಿಸಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಹೆಸರುಘಟ್ಟದ ನೀರು ಪಟ್ಟಣಕ್ಕೆ ಬಂದುದು ೧೮೯೬ರಲ್ಲಿ. ವಿಕ್ಟೋರಿಯ ಆಸ್ಪತ್ರೆಯ ಅಸ್ತಿಭಾರದ ಕಲ್ಲನ್ನಿಟ್ಟುದು ರಾಣಿಯ ವಜ್ರಮಹೋತ್ಸವದ ನೆನಪಿಗಾಗಿ ೧೮೯೭ರ ಜೂನಿನಲ್ಲಿ. ಕರ್ಜನ್ ಪ್ರಭುವು ಅದನ್ನು ತೆರೆದುದು ೧೯೦೦ನೆಯ ಡಿಸೆಂಬರಿನಲ್ಲಿ. ಬಡಾವಣೆಗಳ ನಕ್ಷೆಯೂ ರೋಗಕ್ಕೆ ಮುಂಚಿನದೇ. ಪ್ಲೇಗು ಮಾಡಿದುದು ಇಷ್ಟು : ಖಾಲಿಯಾಗಿದ್ದ ನಿವೇಶನಗಳಿಗೆ ಜನರನ್ನು ಓಡಿಸಿತು. ಮೈಸೂರು ನಗರಕ್ಕೆ ೧೯೦೩ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ಮಂಡಲಿಯೂ, ಬೆಂಗಳೂರಿನ ದಂಡಿನಲ್ಲಿ ಇಲಿ ನುಸುಳದ ಹಾಗೆ ಮನೆಗಳನ್ನು ಕಟ್ಟಲೆಂದು ಹುಟ್ಟಿದ ಫ್ರೇಜರ್ ಟೌನೂ ನಿಜವಾಗಿ ಪ್ಲೇಗಿನ ಮಕ್ಕಳು. ಹೀಗೆ ಆಪತ್ತಿನ ಹಣವು ಕಲ್ಲುಗಾರೆಗಳಾಗಿ ನಿಂತಿತು, ನಿಂತುದು ಒಳ್ಳೆಯದೇ ಆಯಿತು. ಆದರೆ ಮುಂದಿನ ರೋಗವನ್ನು ಮೊದಲೇ ಕಂಡು ಹೇಳಬಲ್ಲ ಜನರ ಒಂದು ತಂಡವನ್ನು ಅದು ಸಂಸ್ಥಾನಕ್ಕೆ ಬಿಟ್ಟುಹೋಗಲಿಲ್ಲ. ೧೯೧೮ರ ವಿಷಮಜ್ವರವು ಇಡೀ ಭರತಖಂಡದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದು ಹೋದಾಗ ಕಟ್ಟಡಗಳು ಇದ್ದುವು. ಹಳ್ಳಿಯವರೆಗೆ ಹೋಗತಕ್ಕ ಕೈಗಳು ಸಾಲದಾಗಿದ್ದುವು.

ಬ್ರಿಟಿಷ್ ಪ್ರಾಂತಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳ ಕಥೆ ಇನ್ನೊಂದು ಬಗೆ. ಪ್ಲೇಗಿನ ಪಾಠದಿಂದ ಎಚ್ಚತ್ತ ಹಿಂದುಸ್ಥಾನ ಸರ್ಕಾರದವರು ೧೯೧೨ರ ಆಸುಪಾಸಿನಿಂದ ಪ್ರಾಂತಗಳಿಗೆ ನೈರ್ಮಲ್ಯಕ್ಕೆಂದು ವಿಶೇಷ ದ್ರವ್ಯವನ್ನು ಕೊಡಲು ತೊಡಗಿ, ೧೯೧೪ರ ಮೇ ತಿಂಗಳಲ್ಲಿ ತಮ್ಮ ನೀತಿಯನ್ನು ವಿಸ್ತಾರವಾಗಿ ಪ್ರಕಟಿಸಿದರು. ಅಷ್ಟರಲ್ಲಿಯೇ ಯುದ್ಧ ಬಂದಿತು. ೧೯೧೯ರ ಶಾಸನವು ಜನಾರೋಗ್ಯವನ್ನು ಪ್ರಾಂತಗಳ ಮಂತ್ರಿಗಳಿಗೆ ಒಪ್ಪಿಸಿತಾದರೂ ಬೊಕ್ಕಸದ ಬೀಗದ ಕೈಯನ್ನು ಅವರಿಗೆ ಒಪ್ಪಿಸಲಿಲ್ಲ. ಹೊಣೆ ಒಬ್ಬರದು ಹಣ ಇನ್ನೊಬ್ಬರದು ಎಂಬ ಈ ಏರ್ಪಾಡನ್ನು ಆಗಿನ ಮಂತ್ರಿಗಳು ಹಳಿದುದು ಸಹಜವಾಗಿದೆ. ಈ ಇಕ್ಕಟ್ಟನ್ನು ಶಾಸನದ ಮೂಲಕ ಬಿಡಿಸಿಕೊಳ್ಳಲು ಯತ್ನಿಸಿದುದು ಮದರಾಸು ಪ್ರಾಂತ. ೧೯೩೯ರಲ್ಲಿ ಅಲ್ಲಿ ಜಾರಿಗೆ ಬಂದ ಜನಾರೋಗ್ಯ ಶಾಸನ ಈ ದೇಶದಲ್ಲಿ ಅಂಥದರಲ್ಲಿ ಮೊದಲನೆಯದು. ಪುರಸಭೆಗಳು ತಮ್ಮ ಆದಾಯದಲ್ಲಿ ನೂರಕ್ಕೆ ಮೂವತ್ತಕ್ಕೆ ಕಡಮೆಯಿಲ್ಲದಂತೆ, ಜಿಲ್ಲಾ ಬೋರ್ಡುಗಳು ನೂರಕ್ಕೆ ಹನ್ನೆರಡೂವರೆಗೆ ಕಡಮೆಯಿಲ್ಲದಂತೆ ಆರೋಗ್ಯಕ್ಕೆ ತೆಗೆದಿಡಬೇಕೆಂದು ಅದು ವಿಧಿಸಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಈ ಶಾಸನದ ಅಧಿಕಾರದೊಳಗಿದ್ದುವು. ಆಪತ್ತು ಬರಲಿ ಬಾರದಿರಲಿ ಇಷ್ಟು ಪಾಲು ಇಷ್ಟಕ್ಕೆ ಎಂಬ ನಿಯಮವೇ ಇಲ್ಲಿ ಹೊಸದು.

ಮೈಸೂರಿನಲ್ಲಿ ತಿರುವು ಕಂಡುಬಂದುದು ೧೯೨೦ರ ದಶಕದಲ್ಲಿ. ಅದರ ಪೂರ್ವಸಿದ್ಧತೆ ವೈದ್ಯವಿದ್ಯೆಯದು. ೧೯೧೭ರಲ್ಲಿ ಬೆಂಗಳೂರಿನಲ್ಲಿ ತೆರೆದ ವೈದ್ಯ ಪಾಠಶಾಲೆ ೧೯೨೪ರಲ್ಲಿ ವಿಶ್ವವಿದ್ಯಾನಿಲಯದ ಕಾಲೇಜಾಗಿ, ೧೯೩೦ರಲ್ಲಿ ಮೈಸೂರಿಗೆ ಸಾಗಿತು. ಹೀಗೆ ಸಂಸ್ಥಾನಕ್ಕೆ ತನ್ನವೇ ಆದ ವೈದ್ಯರು ದೊರೆಯತೊಡಗಿದರು. ಎರಡನೆಯದು ಹಣದ ಅನುಕೂಲ. ಪೊಗದಿಯ ಹೆಚ್ಚುಭಾಗವಾದ ಹತ್ತೂವರೆ ಲಕ್ಷ ರೂಪಾಯಿಗಳನ್ನು ೧೯೨೮ರಿಂದ ಬಿಟ್ಟುಕೊಡಲಾಗುವುದೆಂದು ಇರ್ವಿನ್ ಪ್ರಭುವು ೧೯೨೭ರಲ್ಲಿ ಸಾರಿದನು. ಈ ಹಣವೇ ಆರೋಗ್ಯಕ್ಕೆ ಹೋಯಿತೆಂದು ಹೇಳುವುದು ದುಡುಕು. ಆದರೆ ಬಿಗಿಯಾದ ಆಯವ್ಯಯದಲ್ಲಿ ಅಷ್ಟು ಸಡಿಲ ಬಂದ ಗಳಿಗೆಯಲ್ಲಿಯೇ ಹೊಸ ಏರ್ಪಾಡುಗಳು ತಲೆದೋರಿದುವೆಂಬುದನ್ನು ಗಮನಿಸದೆ ಇರಲಾಗದು. ಮೂರನೆಯದಾಗಿ, ದಿವಾನ್ ಮಿರ್ಜಾ ಇಸ್ಮಾಯಿಲರವರ ಸರ್ಕಾರವು ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ನೆರವನ್ನು ಪಡೆಯಿತು.

ಈ ಸಂಸ್ಥೆ ಕೊಡುಗೈಯ ದಾನಿಯೆಂದು ತಿಳಿದವರು ಅದರ ಪದ್ಧತಿಯನ್ನು ಸರಿಯಾಗಿ ತಿಳಿದವರಲ್ಲ. ಅದು ಕಟ್ಟಡ ಕಟ್ಟಿಸಿಕೊಡುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಮೇಲೆ ಹಣವನ್ನು ಹಾಕುತ್ತಿತ್ತು. ತಜ್ಞನೊಬ್ಬನನ್ನು ತನ್ನ ವೆಚ್ಚದಲ್ಲಿ ಕಳುಹಿಸುವುದು, ಸ್ಥಳೀಯ ವೈದ್ಯರಲ್ಲಿ ಆಯ್ದವರನ್ನು ಹೊರದೇಶಕ್ಕೆ ಕರೆಸಿ ಓದಿಸುವುದು, ಹೊಸ ಶಾಖೆಯ ವೆಚ್ಚದಲ್ಲಿ ಮೊದಲ ವರ್ಷಗಳಲ್ಲಿ ದೊಡ್ಡ ಪಾಲನ್ನು ಹೊತ್ತು ವರ್ಷವರ್ಷಕ್ಕೆ ಅದನ್ನು ಇಳಿಸುತ್ತ ಬರುವುದು, ಕೊನೆಗೆ ಎಲ್ಲವನ್ನೂ ಸರ್ಕಾರದ ನಿತ್ಯದ ವೆಚ್ಚಕ್ಕೆ ಸೇರಿಸಿ ತಾನು ಹೊರಗೆ ನಿಲ್ಲುವುದು ಅದರ ರೀತಿ. ಹೆಗಲು ಬದಲಾಯಿಸುವ ಈ ಕ್ರಮದಲ್ಲಿ ಅದರ ಸ್ವಾರ್ಥವೂ ಇದ್ದಿರಬಹುದು. ಅದನ್ನು ವಿಚಾರಿಸಿದ ಇತಿಹಾಸಕಾರರಿದ್ದಾರೆ. ಅವರ ಸಂದೇಹಗಳೆಲ್ಲ ನಿರಾಧಾರವಲ್ಲ. ಆದರೆ ಮೈಸೂರಿನ ಮಟ್ಟಿಗೆ ನೋಡಿದರೆ ಹೆಗಲು ಬದಲಾಯಿಸಿದ ಮೇಲೆ ಹೊರೆ ಕೆಳಕ್ಕೆ ಬೀಳಲಿಲ್ಲ.

ಮಲೇರಿಯದ ಶೋಧನೆಗೆ ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆ ಎಂಬ ಮೂರೂರುಗಳಲ್ಲಿ ಕ್ಷೇತ್ರಕೇಂದ್ರಗಳು ಏರ್ಪಟ್ಟುವು. ಈ ಆಯ್ಕೆಯನ್ನು ಮೆಚ್ಚಬೇಕು. ನಾಗೇನಹಳ್ಳಿ ಕಾವೇರಿಯ ಹಳೆಯ ನಾಲೆಗಳ ಗದ್ದೆಯ ಸೀಮೆ. ಹಿರಿಯೂರು ಒಣನಾಡಿನ ನಡುವೆ ವಾಣೀವಿಲಾಸ ಸಾಗರದ ಹೊಸ ನೀರು ಹರಿದ ಸೀಮೆ. ಮೂಡಿಗೆರೆ ತೊರೆಹಳ್ಳಗಳ ಮಲೆನಾಡು. ಸಂಸ್ಥಾನದಲ್ಲಿ ಚಳಿಜ್ವರ ಹುಟ್ಟುವ ಬಗೆಗಳು ಬಹುಮಟ್ಟಿಗೆ ಈ ಮೂರರಲ್ಲಿ ಅಡಗಿದ್ದುವು. ಮಲೆಯ ತೊರೆಗಳ ಹುಲ್ಲಂಚಿನ ತಿಳಿನೀರಿನಲ್ಲಿ ಹುಟ್ಟುವ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯೇ ಮಲೆನಾಡಿನ ಮುಖ್ಯ ಅಪರಾಧಿ ; ಬಯಲುನಾಡಿನಲ್ಲಿ ನಾಲೆಯ ಸೋರಿಕೆ, ಗದ್ದೆ, ಗುಂಡಿಗಳಲ್ಲಿ ಹುಟ್ಟುವ ಕ್ಯೂಲಿಸಿಫೇಸಿಸ್ ಎಂಬುದು. ಎಲ್ಲ ಸೊಳ್ಳೆಯೂ ಸೊಳ್ಳೆಯೇ ಎಂದು ಕಂಡ ಕಂಡ ಕೊಳಕ್ಕೆಲ್ಲ ಎಣ್ಣೆ ಸುರಿಯುವುದಕ್ಕೂ, ಯಾವ ಊರಿನಲ್ಲಿ ಯಾವ ಸೊಳ್ಳೆಯೆಂದು ತಿಳಿದು ಅದರ ನೀರಿಗೆ ಮಾತ್ರ ಕೈಹಾಕುವುದಕ್ಕೂ ಇರುವ ಅಂತರ ಹಣದ ಅಂತರವೂ ಹೌದು. ಆ ತಿಳಿವಳಿಕೆ ವರ್ಷಗಟ್ಟಲೆ ಪ್ರತಿದಿನವೂ ಸೊಳ್ಳೆಯನ್ನು ಹಿಡಿದು, ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಪುಸ್ತಕದಲ್ಲಿ ಬರೆದಿಟ್ಟವರಿಂದ ಬರತಕ್ಕದ್ದು. ಅಂಥವರಿಗೆ ತಿಂಗಳ ಸಂಬಳ ಕೊಡಬೇಕು, ಅದೂ ಊರಿನಲ್ಲಿ ಜ್ವರವಿಲ್ಲದ ತಿಂಗಳಲ್ಲಿಯೂ ಕೊಡಬೇಕು.

ಈ ಪ್ರಸಂಗದಲ್ಲಿ ಒಂದು ಚಿಕ್ಕ ವಿಷಯವನ್ನು ಹೇಳುವುದು ಅಪ್ರಸ್ತುತವಾಗಲಾರದು. ರಾಕ್‌ಫೆಲರ್ ಸಂಸ್ಥೆಯ ಸ್ವೀಟ್ ಎಂಬ ವೈದ್ಯನೂ ಮೈಸೂರು ಸರ್ಕಾರದ ಬಿ. ಎ. ರಾವ್ ಅವರೂ ಸ್ಟೀಫೆನ್ಸಿ ಎಂಬ ಜಾತಿಯ ಸೊಳ್ಳೆಯ ಮೊಟ್ಟೆಗಳನ್ನು ಪರೀಕ್ಷಿಸಿ, ಮೊಟ್ಟೆಯನ್ನು ನೀರಿನ ಮೇಲೆ ತೇಲಿಸುವ ಪಕ್ಕದ ಭಾಗದಲ್ಲಿರುವ ಗೆರೆಗಳ ಸಂಖ್ಯೆಯನ್ನೆಣಿಸಿ, ಅದರಲ್ಲಿ ಎರಡು ಭೇದಗಳುಂಟೆಂದು ೧೯೩೭ರಲ್ಲಿ ಸ್ಥಾಪಿಸಿದರು. ಹೊಸದಾಗಿ ಗುರುತಿಸಿದ ಭೇದಕ್ಕೆ ಇಟ್ಟ ಹೆಸರು ‘ಮೈಸೂರೆನ್ಸಿಸ್’. ಪ್ರಾಣಿಶಾಸ್ತ್ರದ ಲ್ಯಾಟಿನಿನಲ್ಲಿ ಮೈಸೂರಿನ ಹೆಸರು ಹೀಗೆ ಸೊಳ್ಳೆಯ ಮೂಲಕವೂ ನಿಂತಿತು. ಇದೇ ಸ್ಟೀಫೆನ್ಸಿ ೨೦೧೨ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ನೆರೆಯ ದೇಶಗಳ ಪಟ್ಟಣಗಳಿಗೆ ಹಬ್ಬತೊಡಗಿದಾಗ, ಅದರ ಭೇದಗಳ ವಿಚಾರವಾಗಿ ವಿಜ್ಞಾನಿಗಳು ಆ ಮೈಸೂರಿನ ಹಳೆಯ ಲೇಖನವನ್ನು ಮತ್ತೆ ತೆರೆಯಬೇಕಾಯಿತು. ೧೯೩೦ರ ದಶಕದ ಆಯವ್ಯಯ ಪಟ್ಟಿಯಲ್ಲಿ ಈ ಲಾಭವನ್ನು ಯಾರೂ ಬರೆದಿರಲಾರರು.

ಗ್ರಾಮಾಂತರದ ಆರೋಗ್ಯ ಘಟಕವೊಂದು ೧೯೨೯ರ ಸುಮಾರಿಗೆ ಮಂಡ್ಯದಲ್ಲಿಯೂ, ತರಬೇತಿನ ಕೇಂದ್ರವೊಂದು ೧೯೩೬ರ ಸುಮಾರಿಗೆ ಆಗ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದ ರಾಮನಗರದಲ್ಲಿಯೂ ಏರ್ಪಟ್ಟುವು. ಘಟಕವೆಂದರೆ ಆಸ್ಪತ್ರೆಯಲ್ಲ. ನಿಯತವಾದಷ್ಟು ಹಳ್ಳಿಗಳಿಗೆ ಒಬ್ಬ ಆರೋಗ್ಯಾಧಿಕಾರಿ, ಅವನ ಕೈಕೆಳಗೆ ಇನ್‌ಸ್ಪೆಕ್ಟರುಗಳು, ದಾದಿಯರು, ಸೂಲಗಿತ್ತಿಯರು. ಜನನ ಮರಣಗಳ ದಾಖಲೆ, ದಾಕು, ಬಾವಿಯ ನೀರು, ಬಾಣಂತಿ, ಶಾಲೆಯ ಮಕ್ಕಳು ಎಲ್ಲವೂ ಅವರ ಪಾಲಿನವೇ. ರೋಗಿ ಆಸ್ಪತ್ರೆಗೆ ಬರುವನೆಂದು ಕಾಯುವುದಕ್ಕೆ ಬದಲಾಗಿ ಆರೋಗ್ಯವಂತನ ಮನೆಗೆ ಹೋಗುವುದು ಇದರ ತತ್ತ್ವ. ಬೇರೆ ಪ್ರಾಂತಗಳಲ್ಲಿಯೂ ನೆಯ್ಯಾಟ್ಟಿನ್‌ಕರ, ಪೂನಮಲ್ಲಿ, ಸಿಂಗೂರು ಮುಂತಾದ ಕಡೆಗಳಲ್ಲಿ ಇಂಥವು ಇದ್ದುವು. ಅವುಗಳ ಅನುಭವವೆಲ್ಲ ಸೇರಿ, ೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯ ಯೋಜನೆಗೆ ನೆಲಗಟ್ಟಾಯಿತು. ನಲವತ್ತು ಸಾವಿರ ಜನಕ್ಕೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿರಬೇಕೆಂದು ಆ ಸಮಿತಿ ಮೊದಲ ಹಂತಕ್ಕೆ ಸಲಹೆ ಮಾಡಿತು. ಮೈಸೂರು ಸರ್ಕಾರವು ೧೯೩೦ರ ಜೂನಿನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದುದು ಹೆಚ್ಚು ಪ್ರಸಿದ್ಧವಾಗಿದೆ. ಆದರೆ ವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಅದೇ ಕಾಲದ ಮಂಡ್ಯದ ಘಟಕ ಅದಕ್ಕಿಂತ ದೊಡ್ಡ ಹೆಜ್ಜೆ.

ಮಂಡ್ಯದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಕೃಷ್ಣರಾಜ ಸಾಗರದ ನೀರು, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಇರ್ವಿನ್ ನಾಲೆಯಲ್ಲಿ ಹರಿದು ರಾಗಿಯ ಹೊಲಗಳು ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದುವು. ೧೯೩೩ರಲ್ಲಿ ಸಕ್ಕರೆಯ ಕಂಪೆನಿ ಸ್ಥಾಪನೆಯಾಯಿತು. ನೀರಿನ ಜತೆಗೆ ಸೊಳ್ಳೆಯೂ ಸೊಳ್ಳೆಯ ಜತೆಗೆ ಚಳಿಜ್ವರವೂ ಬಂದುವು. ನಾಲೆಗೆ ಕೋಟಿಗಟ್ಟಲೆ ರೂಪಾಯಿ ಸುರಿದ ರಾಜ್ಯಕ್ಕೆ, ನಾಲೆಯು ತಂದ ಜ್ವರವನ್ನು ನೋಡಿಕೊಳ್ಳುವ ಖರ್ಚೂ ನಾಲೆಯ ಖರ್ಚಿನಲ್ಲಿಯೇ ಸೇರಿದೆಯೆಂಬ ಅರಿವು ನಿಧಾನವಾಗಿ ಬಂದಿತು. ಆರೋಗ್ಯದ ನೌಕರರು ಸಮೀಪದಲ್ಲಿಯೇ ಇದ್ದುದರಿಂದ ಜ್ವರ ಕಣ್ಣಿಗೆ ಬಿದ್ದಿತು, ಲೆಕ್ಕಕ್ಕೂ ಸಿಕ್ಕಿತು. ಇಂಥ ನೌಕರರಿಲ್ಲದ ಎಷ್ಟು ಅಚ್ಚುಕಟ್ಟುಗಳಲ್ಲಿ ಅದು ಲೆಕ್ಕಕ್ಕೆ ಸಿಗದೆಯೇ ಜನರನ್ನು ತಿಂದಿರಬಹುದು !

ಇನ್ನು ಉತ್ತರಕ್ಕೆ ಹೋಗಬೇಕು. ಬೊಂಬಾಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯೂ ಅದಕ್ಕ ಹೊಂದಿದ ಧಾರವಾಡದ ಮಲ್ಲಾಡೂ ಮಲೇರಿಯಕ್ಕೆ ಕುಖ್ಯಾತವಾಗಿದ್ದುವು. ಸರ್ಕಾರೀ ನೌಕರರು ಅಲ್ಲಿಗೆ ವರ್ಗವಾಯಿತೆಂದರೆ ಶಿಕ್ಷೆಯೆಂದೇ ಭಾವಿಸುತ್ತಿದ್ದರು. ೧೯೪೨ರಲ್ಲಿ ಜಾವಾ ದ್ವೀಪ ಜಪಾನರ ಕೈಸೇರಿ ಕ್ವಿನೈನಿನ ಸರಬರಾಯಿ ನಿಂತುಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯದ ಉಪಯೋಗಕ್ಕೆ ಮೀಸಲಾಗಿದ್ದ ಡಿ. ಡಿ. ಟಿ. ಎಂಬ ಹೊಸ ಮದ್ದು ನಾಡಿನ ಉಪಯೋಗಕ್ಕೆ ದೊರೆಯಲು ಮೊದಲಾಯಿತು. ಆಗ ಬೊಂಬಾಯಿ ಸರ್ಕಾರದ ಮಲೇರಿಯಾಧಿಕಾರಿ ಡಿ. ಕೆ. ವಿಶ್ವನಾಥನ್ ಅವರೂ ಕೀಟಶಾಸ್ತ್ರಜ್ಞರಾದ ಟಿ. ರಾಮಚಂದ್ರರಾವ್ ಅವರೂ ಈ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆ ಕೊಟ್ಟಿಗೆಗಳ ಒಳಗೋಡೆಗಳಿಗೆ ಆ ಮದ್ದನ್ನು ಎರಚಿಸಿ ಪರೀಕ್ಷೆ ಮಾಡಿದರು. ಮೊದಲ ವರ್ಷದ ಫಲವನ್ನು ೧೯೪೭ರಲ್ಲಿ ಪ್ರಕಟಿಸಿದರು. ಹಗಲೆಲ್ಲ ಗೋಡೆಯ ಮೇಲೆ ಕುಳಿತಿರುವ ಸೊಳ್ಳೆ ಮದ್ದು ತಗುಲಿ ಸಾಯುತ್ತಿತ್ತು. ತಲೆಯೊಂದಕ್ಕೆ ಕೆಲವೇ ಆಣೆಗಳ ಖರ್ಚಿನಲ್ಲಿ ಹಳ್ಳಿಯ ಚಳಿಜ್ವರವನ್ನು ಅಡಗಿಸಬಹುದೆಂದು ಸಿದ್ಧವಾಯಿತು. ಭರತಖಂಡದ ಗ್ರಾಮಾಂತರ ಮಲೇರಿಯ ನಿವಾರಣೆಯ ಚರಿತ್ರೆಯಲ್ಲಿ ಕನ್ನಡದ ಈ ಎರಡು ಜಿಲ್ಲೆಗಳಿಗೆ ಇರುವ ಸ್ಥಾನವನ್ನು ಕನ್ನಡಿಗರೇ ಅಷ್ಟಾಗಿ ಅರಿತಿಲ್ಲ.

ಮುಂದಿನದು ಎಲ್ಲರೂ ತಿಳಿದ ಕಥೆ. ಸ್ವಾತಂತ್ರ್ಯಾನಂತರ ವರ್ಷಕ್ಕೆ ಏಳೂವರೆ ಕೋಟಿ ಜನರು ಮಲೇರಿಯ ಹಿಡಿದು ನರಳುತ್ತಿರುವರೆಂದೂ ಎಂಟು ಲಕ್ಷ ಜನರು ಸಾಯುತ್ತಿರುವರೆಂದೂ ಅಂದಾಜಾಗಿತ್ತು. ಭಾರತ ಸರ್ಕಾರವು ಅಮೆರಿಕದ ನೆರವನ್ನು ಪಡೆದು ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯವನ್ನು ಪ್ರಾರಂಭಿಸಿತು. ಫಲವನ್ನು ಕಂಡು ಆಶೆ ಹೆಚ್ಚಿ, ೧೯೫೮ರಲ್ಲಿ ‘ನಿಯಂತ್ರಣ’ವನ್ನು ‘ನಿರ್ಮೂಲನ’ವೆಂದು ತಿದ್ದಲಾಯಿತು. ೧೯೬೧ರಲ್ಲಿ ದೇಶದಲ್ಲೆಲ್ಲ ಲೆಕ್ಕಕ್ಕೆ ಸಿಕ್ಕಿದ ರೋಗಿಗಳು ಐವತ್ತು ಸಾವಿರಕ್ಕೂ ಕಡಮೆ. ಇಷ್ಟು ದೊಡ್ಡ ಜಯವನ್ನು ಜನಾರೋಗ್ಯದ ಚರಿತ್ರೆ ಹಿಂದೆ ಕಂಡುದು ವಿರಳ.

ಮಾತು ಬದಲಾದಾಗ ಹಣದ ಸ್ವರೂಪವೂ ಬದಲಾಯಿತೆಂಬುದನ್ನು ಇಲ್ಲಿ ಕಾಣಬೇಕು. ನಿಯಂತ್ರಣವು ನಿತ್ಯದ ಕೆಲಸ. ನಿರ್ಮೂಲನವು ಒಂದು ದಿನ ಮುಗಿಯತಕ್ಕ ಕೆಲಸ. ಮುಗಿಯತಕ್ಕ ಕೆಲಸಕ್ಕೆ ಕೊಡುವ ಹಣ ಎಷ್ಟೇ ಹೇರಳವಾಗಿದ್ದರೂ ಆಪತ್ತಿನ ಹಣವೇ. ಯೋಜನೆಯ ಪ್ರಕಾರ ಎರಚುವ ದಳಗಳು ಕೆಲಸ ಮುಗಿಸಿ ಹಿಂದೆಗೆದ ಬಳಿಕ, ಊರೂರಿನಲ್ಲಿ ಜ್ವರದವರನ್ನು ಹುಡುಕಿ ರಕ್ತಪರೀಕ್ಷೆ ಮಾಡಿಸುವ ಹೊಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲೆ ಬೀಳಬೇಕಾಗಿತ್ತು. ಈ ಕೆಲಸಕ್ಕೆ ಹತ್ತು ಸಾವಿರ ಜನಕ್ಕೊಬ್ಬ ಮೂಲ ಆರೋಗ್ಯ ಕಾರ್ಯಕರ್ತನಿರಬೇಕೆಂದು ಚಡ್ಡಾ ಸಮಿತಿಯು ೧೯೬೩ರಲ್ಲಿ ಹೇಳಿತು. ಆದರೆ ಎಷ್ಟೋ ಕಡೆಗಳಲ್ಲಿ ಕೇಂದ್ರವೇ ಇರಲಿಲ್ಲ, ಕೇಂದ್ರವಿದ್ದೆಡೆ ವೈದ್ಯನಿರಲಿಲ್ಲ, ಇದ್ದ ಕಾರ್ಯಕರ್ತನಿಗೆ ಕುಟುಂಬ ಯೋಜನೆಯ ಕೆಲಸವೂ ತಲೆಗೇರಿತು. ರೋಗಿಗಳ ಸಂಖ್ಯೆ ೧೯೬೫ರ ಹೊತ್ತಿಗೆ ಮೇಲ್ಮೊಗವಾಗಿ, ೧೯೭೬ರಲ್ಲಿ ಅರುವತ್ತನಾಲ್ಕು ಲಕ್ಷವನ್ನು ಮುಟ್ಟಿತು.

ಇದಕ್ಕೆ ಕಾರಣವೇನೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು. ಕ್ಯೂಲಿಸಿಫೇಸಿಸ್ ಸೊಳ್ಳೆಗೆ ಡಿ. ಡಿ. ಟಿ. ತಟ್ಟದಾಯಿತೆಂಬುದು ೧೯೫೯ರ ಸುಮಾರಿಗೇ ಗುಜರಾತಿನ ಕಡೆ ಗೊತ್ತಾಗಿತ್ತು. ಎಲ್ಲಕ್ಕೂ ಅದೇ ಕಾರಣವೆನ್ನುವವರು ಕೆಲವರು. ಹೊರದೇಶದ ನೆರವು ಕುಗ್ಗಿ ಮದ್ದು ಕಾಲಕ್ಕೆ ಸರಿಯಾಗಿ ಬಾರದುದು ಕಾರಣವೆಂದು ಇನ್ನು ಕೆಲವರು. ಎರಡೂ ನಿಜವಾದ ಸಂಗತಿಗಳೇ. ಆದರೆ ಎರಚುವುದನ್ನು ನಿಲ್ಲಿಸಿ ಕಾವಲಿಗೆ ಬಿಟ್ಟಿದ್ದ ಪ್ರದೇಶಗಳಲ್ಲಿಯೇ ರೋಗ ಮೊದಮೊದಲು ಮತ್ತೆ ತಲೆಯೆತ್ತಿದುದನ್ನು ಸೊಳ್ಳೆಯ ನಿರೋಧಶಕ್ತಿಯೊಂದರಿಂದಲೇ ವಿವರಿಸಲಾಗುವುದಿಲ್ಲ. ಅಲ್ಲಿ ಕೊರತೆಯಾದುದು ಮದ್ದಲ್ಲ, ಕಾವಲುಗಾರ. ಸೊಳ್ಳೆಯ ಮೇಲೆ ತಪ್ಪನ್ನು ಹೊರಿಸುವುದು ಸುಲಭ. ಅದು ಪ್ರತ್ಯುತ್ತರ ಬರೆಯುವುದಿಲ್ಲ.

ನಿತ್ಯದ ಹಣದಿಂದ ಬೆಳೆದ ಒಬ್ಬ ಮನುಷ್ಯನು ಎಲ್ಲೆಲ್ಲಿ ಉಪಯೋಗಕ್ಕೆ ಬರುವನೆಂಬುದಕ್ಕೆ ಟಿ. ರಾಮಚಂದ್ರರಾವ್ ಅವರ ಜೀವನವೇ ನಿದರ್ಶನ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳು ಸತ್ತು ಬೀಳತೊಡಗಿ, ಕಾಡಿಗೆ ಹೋದ ಜನರಿಗೂ ವಿಚಿತ್ರವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಶೋಧಿಸಿ, ಅದು ಉಣ್ಣೆಯಿಂದ ಹರಡುವ, ಅದುವರೆಗೆ ಯಾರೂ ಅರಿಯದ ರೋಗವೆಂದು ತಿಳಿದರು. ಆ ಕೇಂದ್ರ ೧೯೫೨ರಲ್ಲಿ ರಾಕ್‌ಫೆಲರ್ ಸಂಸ್ಥೆಯೂ ಭಾರತದ ವೈದ್ಯಸಂಶೋಧನ ಮಂಡಲಿಯೂ ಕೂಡಿ ಸ್ಥಾಪಿಸಿದುದು. ಧಾರವಾಡ ಕಾನಡಾಗಳ ಸೊಳ್ಳೆಯನ್ನು ಬಲ್ಲ ರಾಮಚಂದ್ರರಾವ್ ಅವರು ಆ ಕೇಂದ್ರವನ್ನು ಸೇರಿ, ಕ್ಯಾಸನೂರಿನ ರೋಗದ ಶೋಧನೆಯಲ್ಲಿ ಭಾಗವಹಿಸಿ, ಮುಂದೆ ಅದರ ನಿರ್ದೇಶಕರೂ ಆದರು. ಭಾರತದ ಅನಾಫಿಲೀಸ್ ಸೊಳ್ಳೆಗಳನ್ನು ಕುರಿತ ಅವರ ಗ್ರಂಥ ೧೯೮೦ರ ದಶಕದಲ್ಲಿ ಪ್ರಕಟವಾಯಿತು. ಮಲೇರಿಯಕ್ಕೆಂದು ತರಬೇತಾದ ಕಣ್ಣು ಮಂಗನ ಕಾಯಿಲೆಯ ಉಣ್ಣೆಯನ್ನು ಹುಡುಕುವುದಕ್ಕೂ ಒದಗಿತು.

ಭಾರತ ಸರ್ಕಾರವು ೧೯೭೭ರಲ್ಲಿ ನಿರ್ಮೂಲನದ ಹಂಬಲವನ್ನು ಬಿಟ್ಟು ಪರಿಷ್ಕೃತವಾದ ಕಾರ್ಯಕ್ರಮವನ್ನು ಕೈಕೊಂಡಿತು. ಕೇಂದ್ರವೇ ಹೊತ್ತಿದ್ದ ವೆಚ್ಚದಲ್ಲಿ ಅರ್ಧವನ್ನು ರಾಜ್ಯಗಳು ಹೊರತಕ್ಕದ್ದೆಂದು ೧೯೭೯ರಲ್ಲಿ ಗೊತ್ತಾಯಿತು. ಸಂವಿಧಾನದ ಪಟ್ಟಿಯಂತೆ ಜನಾರೋಗ್ಯವು ರಾಜ್ಯಗಳ ವಿಷಯವಾದುದರಿಂದ ಈ ಹಂಚಿಕೆಯನ್ನು ನ್ಯಾಯವೆನ್ನಬಹುದು. ಆದರೆ ಬಡರಾಜ್ಯಗಳಲ್ಲಿ ಮಲೇರಿಯ ಹೆಚ್ಚು, ಬೊಕ್ಕಸ ಕಡಮೆ ಎಂಬ ತೊಡಕು ಹಾಗೆಯೇ ಉಳಿಯಿತು. ಒಂದೊಂದು ರೋಗಕ್ಕೆ ಒಬ್ಬೊಬ್ಬ ನೌಕರನೆಂಬ ಪದ್ಧತಿಯನ್ನು ಬಿಟ್ಟು, ಹಳ್ಳಿಯ ಆರೋಗ್ಯವನ್ನೆಲ್ಲ ಒಟ್ಟಾಗಿ ನೋಡಿಕೊಳ್ಳುವ ಬಹೂದ್ದೇಶ ಕಾರ್ಯಕರ್ತರು ಬೇಕೆಂದು ಕರ್ತಾರ್ ಸಿಂಗ್ ಸಮಿತಿಯು ೧೯೭೩ರಲ್ಲಿ ಸಲಹೆ ಮಾಡಿತ್ತು. ಆ ಸಲಹೆ ಹೊಸದೆಂದು ಆಗ ಪ್ರಶಂಸೆ ಪಡೆಯಿತು. ಬಾವಿಯನ್ನೂ ಬಾಣಂತಿಯನ್ನೂ ದಾಕನ್ನೂ ಜನನ ಮರಣದ ಪುಸ್ತಕವನ್ನೂ ಒಂದೇ ಕೈಯಲ್ಲಿ ಹಿಡಿದು ತಿರುಗಲು ಕಲಿಸುತ್ತಿದ್ದ ರಾಮನಗರದ ತರಬೇತಿನ ಕೇಂದ್ರ ಅಷ್ಟರಲ್ಲಿ ತನ್ನ ನಾಲ್ಕನೆಯ ದಶಕವನ್ನು ನಡೆಸುತ್ತಿತ್ತು.